ಹಂಪಿಯ ಹಾಸುಗಲ್ಲು ಮತ್ತು ಮೆಕ್ಸಿಕೋದ ಪಟೋಲ್ಲಿ

ಹಂಪಿಗೆ ಬಂದವರು ಸಾಮಾನ್ಯವಾಗಿ ತಲೆಯೆತ್ತಿ ನೋಡುತ್ತ ನಡೆಯುತ್ತಾರೆ. ವಿರೂಪಾಕ್ಷನ ಗೋಪುರ, ವಿಠ್ಠಲನ ಗುಡಿಯ ಕಂಬಗಳು, ಹಜಾರರಾಮ ದೇವಾಲಯದ ಗೋಡೆಯ ಮೇಲಿನ ರಾಮಾಯಣ, ಇವೆಲ್ಲ ಹಾಗೆಯೇ ನೋಡಬೇಕಾದವು. ಆದರೆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತ, ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಹೊಸಪೇಟೆಯಿಂದ ಹಂಪಿಗೆ ಕರೆದೊಯ್ಯುತ್ತಿದ್ದ ನನಗೆ ಆ ಮಕ್ಕಳೇ ಕಲಿಸಿದ ಒಂದು ಪಾಠವಿದೆ. ಮಕ್ಕಳು ನೆಲ ನೋಡುತ್ತಾರೆ. ನಾನು ಗೋಪುರದ ಅಂತಸ್ತುಗಳನ್ನು ಎಣಿಸಿ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗರು ಮಂಟಪದ ಹಾಸುಗಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, “ಸರ್, ಇಲ್ಲಿ ಯಾರೋ ಆಟದ ಮನಿ ಕೊರದಾರ್ರೀ” ಎಂದು ಕೂಗುತ್ತಿದ್ದರು.

ಅವರು ಹೇಳಿದ್ದು ನಿಜ. ಹಂಪಿಯ ನೆಲದ ಮೇಲೆ ಆಟದ ಮನೆಗಳಿವೆ. ಅವುಗಳ ಬಗ್ಗೆ ಬರೆಯಬೇಕೆಂಬ ಆಸೆ ಬಹುಕಾಲದಿಂದ ಇತ್ತು. ಈಚೆಗೆ ಮೆಕ್ಸಿಕೋ ದೇಶದ ಅಜ್ಟೆಕ್ ಜನ ಆಡುತ್ತಿದ್ದ ‘ಪಟೋಲ್ಲಿ’ ಎಂಬ ಆಟದ ವಿಷಯವನ್ನು ಓದುವಾಗ, ನಮ್ಮ ಹಾಸುಗಲ್ಲುಗಳ ಮಾತನ್ನು ಆ ಆಟದ ಪಕ್ಕದಲ್ಲಿಟ್ಟು ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ ಎನ್ನಿಸಿತು. ಆದ್ದರಿಂದ ಈ ಲೇಖನ.

ನೆಲದ ಮೇಲಿನ ಮನೆಗಳು

ಮೊದಲು ಹಂಪಿಯಲ್ಲಿ ಏನೇನಿದೆ ನೋಡೋಣ. ಹೇಮಕೂಟದ ಬಂಡೆಗಳ ಮೇಲೆ, ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ, ನದಿಯ ದಂಡೆಗುಂಟ ವಿಠ್ಠಲ ದೇವಾಲಯಕ್ಕೆ ಹೋಗುವ ಹಾದಿಯಲ್ಲಿ, ಗುಡಿಗಳ ಜಗತಿಯ ಅಂಚಿನಲ್ಲಿ ಹುಡುಕಿದರೆ ಮುಖ್ಯವಾಗಿ ನಾಲ್ಕು ಬಗೆಯ ಗೆರೆಗಳು ಕಾಣಸಿಗುತ್ತವೆ. ಒಂದು, ಸಾಲಿಗೆ ಐದರಂತೆ ಇಪ್ಪತ್ತೈದು ಮನೆಗಳ ಚೌಕ. ಪ್ರತಿ ಬದಿಯ ನಡುಮನೆಗೂ ಒಳಗಿನ ನಡುಮನೆಗೂ ಕತ್ತರಿ ಗುರುತು ಹಾಕಿರುತ್ತದೆ. ಇದು ಚೌಕಾಬಾರದ ಮನೆ. ಎರಡು, ತುದಿಯೊಂದರಿಂದ ಇಳಿಯುವ ಗೆರೆಗಳನ್ನು ಅಡ್ಡಗೆರೆಗಳು ಕತ್ತರಿಸುವ ತ್ರಿಕೋನ. ಇದು ಹುಲಿ-ಕುರಿ ಆಟದ ಮನೆ. ಮೂರು ಹುಲಿ, ಹದಿನೈದು ಕುರಿ ಇಟ್ಟು ಆಡುವುದು ನಮ್ಮ ಕಡೆಯ ವಾಡಿಕೆ. ಮೂರು, ಒಂದರೊಳಗೊಂದು ಕುಳಿತ ಮೂರು ಚೌಕಗಳು. ಒಬ್ಬೊಬ್ಬರು ಒಂಬತ್ತು ಕಲ್ಲುಗಳನ್ನಿಟ್ಟು, ಮೂರನ್ನು ಒಂದೇ ಸಾಲಿಗೆ ತಂದು ಎದುರಾಳಿಯ ಕಲ್ಲೊಂದನ್ನು ಎತ್ತುವ ಸಾಲುಮನೆ ಆಟ. ನಾಲ್ಕು, ಎರಡು ಸಾಲುಗಳಲ್ಲಿ ಏಳೇಳು ಕುಳಿಗಳ ಅಳಗುಳಿಮನೆ.

ಈ ಗೆರೆಗಳನ್ನು ಕಂಡವರು ನಾವಷ್ಟೇ ಅಲ್ಲ. ಆರ್. ವಸಂತಾ ಎಂಬ ಇತಿಹಾಸ ವಿದ್ವಾಂಸರು ವಿಜಯನಗರದ ನೆಲದ ಮೇಲಿನ ಆಟದ ಮನೆಗಳನ್ನು ಸಮೀಕ್ಷೆ ಮಾಡಿ, ೨೦೦೩ರಲ್ಲಿ ಹಲಗೆಯಾಟಗಳ ಅಧ್ಯಯನಕ್ಕೇ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ದೀರ್ಘ ಲೇಖನ ಪ್ರಕಟಿಸಿದ್ದಾರೆ. ಗೋಪುರಗಳ ಬಗ್ಗೆ ಗ್ರಂಥಗಳೇ ಇರುವ ಊರಿನಲ್ಲಿ ನೆಲದ ಗೆರೆಗಳನ್ನೂ ಚರಿತ್ರೆಯೆಂದು ಎಣಿಸಿದ ಆ ಕೆಲಸ ನಿಜಕ್ಕೂ ದೊಡ್ಡದು.

ಮಹಾನವಮಿ ದಿಬ್ಬದ ಕಲ್ಲುಗಳಲ್ಲಿಯೂ ಕುಸ್ತಿ, ಕೋಲಾಟ, ಬೇಟೆಗಳ ಚಿತ್ರಗಳಿವೆ. ಆದರೆ ಅವು ಅರಮನೆ ಕೆತ್ತಿಸಿದ ಆಟಗಳು, ನೋಡುವುದಕ್ಕಾಗಿ ಇರುವಂಥವು. ನೆಲದ ಮೇಲಿನವು ಯಾರ ಅಪ್ಪಣೆಗೂ ಕಾಯದೆ, ಆಡುವವರೇ ಆಡುವುದಕ್ಕಾಗಿ ಕೊರೆದುಕೊಂಡವು. ಈ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿಡಬೇಕು; ಮುಂದೆ ಮತ್ತೆ ಅಲ್ಲಿಗೆ ಬರುತ್ತೇನೆ.

ಕವಡೆ ಮತ್ತು ಹುಣಸೆಬೀಜ

ಚೌಕಾಬಾರ ಆಡಲು ಬೇಕಾದದ್ದು ನಾಲ್ಕು ಕವಡೆ. ಕವಡೆ ಬಿದ್ದಾಗ ಅದರ ಬಾಯಿ ಮೇಲಾಗಿರುತ್ತದೆ ಅಥವಾ ಬೆನ್ನು ಮೇಲಾಗಿರುತ್ತದೆ. ಬಾಯಿ ಮೇಲಾದವುಗಳನ್ನು ಎಣಿಸಿದರೆ ಗರ ಸಿಕ್ಕಿತು: ಒಂದು, ಎರಡು, ಮೂರು. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಚೌಕ ಬಿದ್ದರೂ ಬಾರ ಬಿದ್ದರೂ ಇನ್ನೊಮ್ಮೆ ಹಾಕಬಹುದು. ಕಾಯಿಗಳು ಹೊರಸುತ್ತಿನಲ್ಲಿ ಒಂದು ದಿಕ್ಕಿಗೆ ನಡೆದು, ಒಳಸುತ್ತಿನಲ್ಲಿ ದಿಕ್ಕು ಬದಲಿಸಿ, ಕೊನೆಗೆ ನಡುಮನೆಯನ್ನು ಸೇರಿದರೆ ‘ಹಣ್ಣಾದವು’ ಎನ್ನುತ್ತೇವೆ. ಕಾಯಿ ಹಣ್ಣಾಗುವುದೆಂಬ ಈ ಮಾತಿಗಿಂತ ಸುಂದರವಾದ ಹೆಸರನ್ನು ಗೆಲುವಿಗೆ ಯಾವ ಭಾಷೆಯವರೂ ಇಟ್ಟಿರಲಾರರು ಎಂದು ನನಗೆ ಅನ್ನಿಸುತ್ತದೆ.

ಕವಡೆ ನಮ್ಮ ನೆಲದ್ದಲ್ಲ, ಕಡಲಿನದು. ಮಾಲ್ದೀವ್ಸ್ ದ್ವೀಪಗಳಿಂದ ವ್ಯಾಪಾರಿಗಳ ಹಡಗಿನಲ್ಲಿ ಬಂದು ಈ ದೇಶದ ಹಲವೆಡೆ ಚಿಲ್ಲರೆ ಹಣವಾಗಿ ಚಲಾವಣೆಯಲ್ಲಿದ್ದ ವಸ್ತು. ‘ಕವಡೆ ಕಾಸಿನ ಬೆಲೆಯಿಲ್ಲ’ ಎಂಬ ಮಾತು ಆ ಕಾಲದ ಉಳಿಕೆ. ಇಂದಿಗೂ ಸಂಡೂರಿನ ಕಡೆಯ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯಲ್ಲಿ ಕನ್ನಡಿ ಚೂರುಗಳ ಜತೆ ಕವಡೆಗಳು ಸಾಲುಗಟ್ಟಿ ಕುಳಿತಿರುತ್ತವೆ. ಸಂಡೂರಿನ ಈ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಸಂತೆ, ಉಡುಗೆ, ಆಟ, ಶಾಸ್ತ್ರ ಹೇಳುವವರ ಮಣೆ, ಎಲ್ಲ ಕಡೆಯೂ ಅದೇ ಕವಡೆ.

ಕವಡೆಯಿಲ್ಲದ ಮನೆಗಳಲ್ಲಿ ಏನು ಮಾಡುತ್ತಿದ್ದರು? ಹುಣಸೆಬೀಜವನ್ನು ಕಲ್ಲಿನ ಮೇಲೆ ಒಂದೇ ಮಗ್ಗುಲು ಉಜ್ಜುತ್ತಿದ್ದರು. ಕಪ್ಪುಗೆಂಪು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣಿಸುವಷ್ಟು ಉಜ್ಜಿದರೆ ಒಂದು ಮಗ್ಗುಲು ಬಿಳಿ, ಇನ್ನೊಂದು ಕಪ್ಪು. ಕವಡೆ ಮಾಡುವ ಕೆಲಸವನ್ನೆಲ್ಲ ಅದು ಮಾಡುತ್ತಿತ್ತು. ಕಂಪ್ಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಗರಪಂಚಮಿಯ ದಿನಗಳಲ್ಲಿ ನಡೆಯುತ್ತಿದ್ದದ್ದು ಹುಣಸೆಬೀಜದ ಆಟವೇ. ನಮ್ಮಜ್ಜಿ ಸುಣ್ಣದ ಕಡ್ಡಿಯಿಂದ ಮನೆ ಬರೆದು, ಬಳೆಚೂರು, ಕಡಲೆಕಾಯಿ ಸಿಪ್ಪೆ, ಇದ್ದಲಿ ಚೂರು, ಜೋಳದ ದಂಟಿನ ತುಣುಕುಗಳನ್ನು ಕಾಯಿಗಳನ್ನಾಗಿ ಇಡುತ್ತಿದ್ದಳು. ನಾವು ಮೊಮ್ಮಕ್ಕಳು ಒಳಸುತ್ತಿಗೆ ನುಗ್ಗಲು ಅವಸರಪಟ್ಟರೆ, “ಒಂದು ಕಾಯಿನರ ಕಡೀಲಾರ್ದ ಒಳಮನಿಗೆ ಹೋಗಂಗಿಲ್ಲಪ್ಪಾ” ಎಂದು ಕೈ ಹಿಡಿದು ನಿಲ್ಲಿಸುತ್ತಿದ್ದಳು. ಅಕ್ಷರ ಬಾರದ ನಮ್ಮಜ್ಜಿಗೆ ಆಟದ ಕಾನೂನು ಮಾತ್ರ ಬಾಯಿಪಾಠವಾಗಿತ್ತು.

ಈ ಉಜ್ಜಿದ ಹುಣಸೆಬೀಜವನ್ನು ನೆನಪಿನಲ್ಲಿಟ್ಟುಕೊಂಡು ಈಗ ಸಮುದ್ರ ದಾಟೋಣ.

ಅಜ್ಟೆಕರ ಪಟೋಲ್ಲಿ

೧೫೨೦ರಲ್ಲಿ ಕೃಷ್ಣದೇವರಾಯ ರಾಯಚೂರಿನ ಯುದ್ಧವನ್ನು ಗೆದ್ದ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ವಿಜಯನಗರವನ್ನು ಕಂಡು ಬೆರಗಾಗಿ ಬರೆದದ್ದೂ ಆ ಸುಮಾರಿಗೇ. ಅದಕ್ಕೆ ಕೆಲವೇ ತಿಂಗಳು ಮೊದಲು, ೧೫೧೯ರ ನವೆಂಬರಿನಲ್ಲಿ, ಭೂಗೋಳದ ಇನ್ನೊಂದು ಮಗ್ಗುಲಿನಲ್ಲಿ ಹೆರ್ನಾನ್ ಕೊರ್ಟೆಸ್ ಎಂಬ ಸ್ಪೇನಿನ ದಂಡನಾಯಕ ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನನ್ನು ಪ್ರವೇಶಿಸಿದ್ದ. ಸರೋವರದ ನಡುವೆ ಕಟ್ಟಿದ ಆ ನಗರವನ್ನು ಕಂಡು ಅವನ ಜತೆಗಾರರೂ ಹೀಗೆಯೇ ಬೆರಗಾಗಿದ್ದರು. ಆದರೆ ೧೫೨೧ರ ಆಗಸ್ಟಿನಲ್ಲಿ ಆ ನಗರ ಬಿದ್ದಿತು. ನಮ್ಮ ನಗರಕ್ಕೆ ೧೫೬೫ರ ರಕ್ಕಸ-ತಂಗಡಿ ಯುದ್ಧದವರೆಗೆ ಇನ್ನೂ ನಾಲ್ಕು ದಶಕಗಳ ಆಯುಸ್ಸಿತ್ತು.

ಅಜ್ಟೆಕರಲ್ಲಿ ಬಹು ಪ್ರಿಯವಾದ ಆಟವೆಂದರೆ ಪಟೋಲ್ಲಿ. ಅವರ ದೊರೆ ಮೊಕ್ಟೆಜುಮ ತನ್ನ ಆಸ್ಥಾನದವರು ಆಡುವುದನ್ನು ಕುಳಿತು ನೋಡುತ್ತಿದ್ದನೆಂದು ಸ್ಪೇನಿನ ಇತಿಹಾಸಕಾರ ಗೊಮಾರ ೧೫೫೨ರ ತನ್ನ ಗ್ರಂಥದಲ್ಲಿ ಹೇಳುತ್ತಾನೆ. ದಿಯೇಗೊ ದುರಾನ್ ಮತ್ತು ಬರ್ನಾರ್ದಿನೊ ದೆ ಸಹಗುನ್ ಎಂಬ ಇಬ್ಬರು ಕ್ರೈಸ್ತ ಸನ್ಯಾಸಿಗಳು ಆ ಶತಮಾನದಲ್ಲಿಯೇ ಅದರ ವಿವರಗಳನ್ನು ಬರೆದಿಟ್ಟಿದ್ದಾರೆ. ಚಾಪೆಯ ಮೇಲೆ ರಬ್ಬರಿನ ದ್ರವದಿಂದ ಕತ್ತರಿಯಾಕಾರದ ಗೆರೆ ಎಳೆದು, ನಾಲ್ಕು ತೋಳುಗಳನ್ನು ಮನೆಗಳಾಗಿ ವಿಂಗಡಿಸುತ್ತಿದ್ದರು. ಒಟ್ಟು ಐವತ್ತೆರಡು ಮನೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅವರ ಪಂಚಾಂಗದ ಮಹಾಚಕ್ರವೂ ಐವತ್ತೆರಡು ವರ್ಷಗಳದ್ದೇ. ಹನ್ನೆರಡು ಸಣ್ಣ ಕಲ್ಲುಗಳು: ಒಬ್ಬನಿಗೆ ಆರು ಕೆಂಪು, ಇನ್ನೊಬ್ಬನಿಗೆ ಆರು ನೀಲಿ. ಗರ ಹಾಕಲು ದೊಡ್ಡ ಕಪ್ಪು ಅವರೆಯಂಥ ಬೀಜಗಳು. ಆ ಬೀಜಗಳ ಒಂದು ಮಗ್ಗುಲಿಗೆ ಮಾತ್ರ ಕೊರೆದು ಬಿಳಿಯ ಗುರುತು ಮಾಡಿರುತ್ತಿದ್ದರು!

ನಮ್ಮ ಉಜ್ಜಿದ ಹುಣಸೆಬೀಜಕ್ಕೂ ಅವರ ಕೊರೆದ ಅವರೆಬೀಜಕ್ಕೂ ಏನು ಅಂತರ? ಗುರುತಿನ ಮಗ್ಗುಲು ಮೇಲಾದವುಗಳನ್ನು ಎಣಿಸಿ ಕಲ್ಲು ನಡೆಸುವುದು ಎರಡೂ ಕಡೆ ಒಂದೇ.

ಆದರೆ ಪಟೋಲ್ಲಿ ಪಡಸಾಲೆಯ ಕಾಲಕ್ಷೇಪವಷ್ಟೇ ಆಗಿರಲಿಲ್ಲ. ಅದಕ್ಕೊಬ್ಬ ದೇವರಿದ್ದ. ಅವನ ಹೆಸರು ಮಾಕ್ವಿಲ್‌ಶೋಚಿಟ್ಲ್, ಅಂದರೆ ‘ಐದು ಹೂ’. ಹಾಡು, ಆಟ, ಸಂತೋಷಗಳ ಅಧಿದೇವತೆ. ಆಟಗಾರರು ಬೀಜಗಳನ್ನು ಅಂಗೈಗಳ ನಡುವೆ ಉಜ್ಜಿ ಅವನ ಹೆಸರು ಕೂಗಿ ಹಾಕುತ್ತಿದ್ದರು, ಆಟದ ಸಾಮಗ್ರಿಗೆ ಧೂಪ ತೋರಿಸಿ ನೈವೇದ್ಯ ಇಡುತ್ತಿದ್ದರು. ಕಟ್ಟಾ ಜೂಜುಕೋರರು ಚಾಪೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಊರೂರು ತಿರುಗುತ್ತಿದ್ದರು. ಪಣಕ್ಕೆ ಹೊದಿಕೆ, ಆಭರಣ, ಹೊಲಮನೆ. ಎಲ್ಲ ಮುಗಿದ ಮೇಲೆ ತಮ್ಮನ್ನೇ ಪಣಕ್ಕಿಟ್ಟು ದಾಸರಾದವರೂ ಇದ್ದರು. ಕುಮಾರವ್ಯಾಸ ಭಾರತದ ಸಭಾಪರ್ವದ ದ್ಯೂತಪ್ರಸಂಗವನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ನಮಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಯಾರು ಯಾರಿಂದ ಕಲಿತರು?

ಇಷ್ಟು ಹೋಲಿಕೆ ಕಂಡಾಗ ಯಾರಿಗಾದರೂ ಏಳುವ ಪ್ರಶ್ನೆ: ಒಬ್ಬರಿಂದ ಒಬ್ಬರು ಕಲಿತರೇ? ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ ೧೮೭೮ರಲ್ಲಿ ಈ ಪ್ರಶ್ನೆಯನ್ನೇ ವಿದ್ವಾಂಸರ ಮುಂದಿಟ್ಟ. ಮರುವರ್ಷ ಅಚ್ಚಾದ ಅವನ ಪ್ರಬಂಧದ ವಾದ ಇದು: ಎರಡು ಮುಖದ ವಸ್ತುವನ್ನು ಎಸೆಯುವುದು ಒಂದು ಅಂಶ, ಅದನ್ನೆಣಿಸುವ ಕ್ರಮ ಇನ್ನೊಂದು, ಅಡ್ಡಾದಿಡ್ಡಿ ಮನೆಗಳ ಮೇಲೆ ಕಾಯಿ ನಡೆಸುವುದು ಮತ್ತೊಂದು. ಇವೆಲ್ಲ ಒಟ್ಟಿಗೆ ಎರಡು ಕಡೆ ತಾವಾಗಿ ಹುಟ್ಟುವುದು ಅಸಂಭವ. ಆದ್ದರಿಂದ ಭಾರತದ ಪಚ್ಚೀಸಿಯಂಥ ಆಟ ಕೊಲಂಬಸನಿಗಿಂತ ಮೊದಲೇ ಏಷ್ಯಾದಿಂದ ಅಮೆರಿಕಕ್ಕೆ ಹೋಗಿರಬೇಕು.

ಈ ವಾದ ನಮ್ಮ ದೇಶದ ಕೆಲವರಿಗೆ ತುಂಬಾ ಹಿಡಿಸಿತು. ೧೯೪೦ರಲ್ಲಿ ಚಮನ್‌ಲಾಲ್ ಎಂಬವರು ‘ಹಿಂದೂ ಅಮೆರಿಕ’ ಎಂಬ ಹೆಸರಿನ ಪುಸ್ತಕವನ್ನೇ ಬರೆದು, ಅಮೆರಿಕದ ಪ್ರಾಚೀನ ನಾಗರಿಕತೆಗಳಿಗೆ ಭಾರತದ ಬೇರುಗಳನ್ನು ಹುಡುಕಿದರು. ಈಗ ವಾಟ್ಸಾಪಿನಲ್ಲಿ ಬರುವ ಸಂದೇಶಗಳಲ್ಲಿಯೂ ಅಂಥ ಮಾತುಗಳು ಆಗಾಗ ತಲೆಯೆತ್ತುತ್ತವೆ. ನನ್ನ ಹಳೆಯ ವಿದ್ಯಾರ್ಥಿಗಳೂ ಕಳಿಸಿ, “ನಿಜವೇ ಸರ್?” ಎಂದು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು.

ವಸ್ತುಗಳು ಸಮುದ್ರ ದಾಟಿದ್ದುಂಟು. ನಮ್ಮ ಅಡುಗೆಮನೆಯ ಮೆಣಸಿನಕಾಯಿಯ ತವರು ಮೆಕ್ಸಿಕೋದ ಕಡೆಯದೇ. ಪೋರ್ಚುಗೀಸರ ವ್ಯಾಪಾರದೊಡನೆ ಅದು ಇಲ್ಲಿಗೆ ಬಂದಿತು. ಬ್ಯಾಡಗಿ ಮೆಣಸಿನಕಾಯಿಯಿಲ್ಲದ ಊಟವನ್ನು ನಾವು ಊಹಿಸಲಾರೆವು. ಆದರೆ ಆಟದ ಮಾತು ಬೇರೆ. ಪಟೋಲ್ಲಿಯ ಮನೆಗಳನ್ನು ಮಾಯಾ ಜನರ ಪ್ರಾಚೀನ ನಗರಗಳ ಗಾರೆನೆಲದ ಮೇಲೆ ಗೀಚಿರುವುದು ಉತ್ಖನನಗಳಲ್ಲಿ ಕಂಡುಬಂದಿದೆ. ಅವು ಕೊಲಂಬಸ್ ಹಡಗು ಹತ್ತುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನವು. ಇತ್ತ, ನಾಲ್ಕು ತೋಳಿನ ಹಾಸಿನ ಆಟವನ್ನು ಮನೆ, ಕಾಯಿ, ದಾಳಗಳ ಲೆಕ್ಕದೊಡನೆ ಸವಿಸ್ತಾರವಾಗಿ ವರ್ಣಿಸುವುದು ಹದಿನಾರನೆಯ ಶತಮಾನದ ಕೊನೆಯ ‘ಐನ್-ಇ-ಅಕ್ಬರಿ’. ಅಂದರೆ ಮಾಯಾ ನೆಲದ ಗೀಚುಗಳು ಈ ವರ್ಣನೆಗಿಂತ ಬಹಳ ಹಳೆಯವು.

ಹಾಗೆಂದು ನಮ್ಮಲ್ಲಿ ಗರ ಹಾಕುವ ಆಟ ಹೊಸತಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ತಾರೆಕಾಯಿಗಳಿಂದ ಜೂಜಾಡಿ ಹಾಳಾದವನ ಅಳಲಿದೆ. ಎಲ್ಲೋರದ ಗುಹೆಗಳಲ್ಲಿ ಶಿವಪಾರ್ವತಿಯರು ಪಗಡೆಯಾಡುವ ಶಿಲ್ಪಗಳಿವೆ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚತುರಂಗ, ಪಾಶಕ, ವರಾಟಿಕಾ ಕ್ರೀಡೆಗಳು ಬೇರೆಬೇರೆ ಅಧ್ಯಾಯಗಳಾಗಿ ಬಂದಿವೆ. ವರಾಟಿಕೆಯೆಂದರೆ ಕವಡೆಯೇ. ಹೀಗೆ ಎರಡೂ ನಾಡುಗಳಲ್ಲಿ ಬೇರು ಆಳವಾಗಿದೆ. ಒಂದರ ಬೇರು ಇನ್ನೊಂದರ ಹಿತ್ತಲಿಗೆ ಹೋಗಬೇಕಾಗಿಲ್ಲ.

ಇನ್ನೊಂದು ಮಾತು. ಏಷ್ಯಾದ ಜನ ಅಲ್ಲಿಗೆ ಹೋಗಿ ಕಲಿಸಿದ್ದೇ ಆದರೆ, ಕಬ್ಬಿಣ ಕರಗಿಸುವುದನ್ನು ಏಕೆ ಕಲಿಸಲಿಲ್ಲ? ಭತ್ತ, ಗೋಧಿಗಳ ಬಿತ್ತನೆಯನ್ನು ಏಕೆ ಕಲಿಸಲಿಲ್ಲ? ಸ್ಪೇನಿನವರು ಬರುವವರೆಗೆ ಅಲ್ಲಿ ಹೊರೆ ಸಾಗಿಸುವ ಗಾಡಿಯೇ ಇರಲಿಲ್ಲ. ಇಷ್ಟನ್ನೆಲ್ಲ ಬಿಟ್ಟು ಪಗಡೆಯೊಂದನ್ನೇ ಕಲಿಸಿಬಂದರೆನ್ನುವುದು ನಂಬುವ ಮಾತಲ್ಲ.

೧೯೫೦ರಲ್ಲಿ ಚಾರ್ಲ್ಸ್ ಎರಾಸ್ಮಸ್ ಎಂಬ ವಿದ್ವಾಂಸ ಟೈಲರನ ವಾದಕ್ಕೆ ಉತ್ತರ ಬರೆದ. ಅವನ ಮಾತಿನ ತಿರುಳು ಬಹಳ ಸರಳ: ಕೆಲವು ಸಮಸ್ಯೆಗಳಿಗೆ ಪರಿಹಾರಗಳೇ ಕಡಿಮೆ. ಅದೃಷ್ಟಕ್ಕೆ ಬಿಟ್ಟು ಎಣಿಕೆ ಪಡೆಯಬೇಕೆಂದರೆ ಕೈಗೆ ಸುಲಭವಾಗಿ ಸಿಗುವುದು ಎರಡು ಮಗ್ಗುಲಿನ ವಸ್ತು: ಬೀಜ, ಚಿಪ್ಪು, ಸೀಳಿದ ಕಡ್ಡಿ. ಎಣಿಕೆಯನ್ನು ನೆನಪಿಡಬೇಕೆಂದರೆ ನೆಲದ ಮೇಲೆ ಗೆರೆ ಬೇಕು. ನಾಲ್ಕು ಕಡೆ ಕುಳಿತವರಿಗೆ ನ್ಯಾಯವಾಗಿ ಹಂಚಬೇಕೆಂದರೆ ಆ ಗೆರೆ ನಾಲ್ಕು ತೋಳಾಗಿ ಚಾಚಿಕೊಳ್ಳುತ್ತದೆ ಅಥವಾ ಚೌಕವಾಗಿ ನಿಲ್ಲುತ್ತದೆ. ಇಷ್ಟಾದ ಮೇಲೆ ಹತ್ತಿರ ಬಂದು ನೋಡಿದರೆ ವ್ಯತ್ಯಾಸಗಳೇ ಹೆಚ್ಚು. ಪಗಡೆಯ ಹಾಸಿನ ಒಂದೊಂದು ತೋಳಿನಲ್ಲಿ ಮೂರು ಸಾಲು, ಸಾಲಿಗೆ ಎಂಟರಂತೆ ಇಪ್ಪತ್ತನಾಲ್ಕು ಮನೆ. ನಾಲ್ಕು ತೋಳಿಗೆ ತೊಂಬತ್ತಾರು. ಪಟೋಲ್ಲಿಯಲ್ಲಿ ತೋಳಿಗೆ ಎರಡೇ ಸಾಲು. ನಮ್ಮಲ್ಲಿ ನಾಲ್ಕು ಬಣ್ಣದ ಹದಿನಾರು ಕಾಯಿ, ಅವರಲ್ಲಿ ಎರಡು ಬಣ್ಣದ ಹನ್ನೆರಡು ಕಲ್ಲು.

ಎರಡು ಕಡೆಯವರೂ ತಮ್ಮ ತಮ್ಮ ಬುದ್ಧಿಯಿಂದ ಕಂಡುಕೊಂಡರೆಂದರೆ ನಮ್ಮ ಹಿರಿಮೆಗೆ ಕುಂದೇನೂ ಇಲ್ಲ. ಕಂಪ್ಲಿಯ ಪಡಸಾಲೆಯ ಮುದುಕಿಗೂ ಮೆಕ್ಸಿಕೋದ ಚಾಪೆಯ ಮೇಲೆ ಕುಳಿತವನಿಗೂ ಬೀಜದ ಒಂದು ಮಗ್ಗುಲನ್ನು ಉಜ್ಜಬೇಕೆಂದು ಹೊಳೆದದ್ದು ‘ನಾವು ಕಲಿಸಿದೆವು’ ಎನ್ನುವುದಕ್ಕಿಂತ ದೊಡ್ಡ ಸಂಗತಿಯೆಂದು ನನ್ನ ಭಾವನೆ.

ಕಾದು ಕುಳಿತವರ ಚರಿತ್ರೆ

ಮತ್ತೆ ಹಂಪಿಯ ನೆಲಕ್ಕೆ ಬರೋಣ. ಈ ಮನೆಗಳನ್ನು ಕೊರೆದವರು ಯಾರು?

ಅರಮನೆಯವರಂತೂ ಅಲ್ಲ. ಕೃಷ್ಣದೇವರಾಯ ತೆಲುಗು ಕವಿ ಬೊಡ್ಡುಚರ್ಲ ತಿಮ್ಮನ್ನನೊಡನೆ ಚದುರಂಗವಾಡುತ್ತಿದ್ದನೆಂಬ ಐತಿಹ್ಯವಿದೆ. ಅಂಥವರಿಗೆ ಬಟ್ಟೆಯ ಹಾಸು, ದಂತದ ಕಾಯಿಗಳು ದೊರೆಯುತ್ತಿದ್ದವು. ಅವು ಕೊಳೆತೋ ಸುಟ್ಟೋ ಲೂಟಿಯಾಗಿಯೋ ಹೋದವು. ಹಾಸು ಕೊಳ್ಳಲಾಗದವರ ಆಟದ ಮನೆ ಮಾತ್ರ ಕಲ್ಲಾಗಿ ಉಳಿಯಿತು. ಶಾಸನಗಳಲ್ಲಿ ಹೆಸರಿಲ್ಲದವರ ಬರಹ ಇದೊಂದೇ.

ಅವು ಎಲ್ಲಿವೆಯೆಂಬುದೇ ಅರ್ಧ ಉತ್ತರವನ್ನು ಹೇಳುತ್ತದೆ. ನೆರಳಿರುವ ಕಡೆ, ಮಂಟಪದ ಅಂಚಿನಲ್ಲಿ, ಬಾಗಿಲ ಪಕ್ಕದಲ್ಲಿ, ದಾರಿಯ ಬದಿಯ ನುಣುಪು ಬಂಡೆಯ ಮೇಲೆ ಇವೆ. ಇವೆಲ್ಲ ಕಾಯುವ ಸ್ಥಳಗಳು. ಕಾವಲುಗಾರನ ಸರದಿ ಮುಗಿಯುವುದಕ್ಕೆ ಕಾಯಬೇಕು; ಗಿರಾಕಿ ಬರುವವರೆಗೆ ಅಂಗಡಿಯವನು ಕಾಯಬೇಕು; ಗರ್ಭಗುಡಿಯ ಬಾಗಿಲು ತೆರೆಯುವವರೆಗೆ ಯಾತ್ರಿಕ ಕಾಯಬೇಕು; ಹೊರೆ ಇಳಿಸಿದ ಕೂಲಿಯಾಳು ಮುಂದಿನ ಹೊರೆಗೆ ಕಾಯಬೇಕು. ತಳವಾರಘಟ್ಟದಲ್ಲಿ ಆನೆಗೊಂದಿಯ ಕಡೆಗೆ ಹೊಳೆ ದಾಟಬೇಕಾದವನು ಹರಿಗೋಲು ಈಚೆ ದಡಕ್ಕೆ ಬರುವವರೆಗೆ ಕಾಯಬೇಕು. ತುಂಗಭದ್ರೆಯ ದಂಡೆಯ ಕಂಪ್ಲಿಯಲ್ಲಿ ಹುಟ್ಟಿದ ನನಗೆ ಹರಿಗೋಲಿಗಾಗಿ ಕಾಯುವುದೆಂದರೇನೆಂದು ಚೆನ್ನಾಗಿ ಗೊತ್ತು. ಚರಿತ್ರೆಯ ಪುಸ್ತಕಗಳಲ್ಲಿ ದಂಡೆತ್ತಿ ಹೋದವರಿದ್ದಾರೆ, ಪಟ್ಟಕ್ಕೇರಿದವರಿದ್ದಾರೆ. ಕಾದು ಕುಳಿತವರಿಲ್ಲ. ಆದರೆ ಯಾವ ಸಾಮ್ರಾಜ್ಯದಲ್ಲಿಯೂ ಹೆಚ್ಚು ಮಂದಿ ಮಾಡಿದ ಕೆಲಸ ಕಾಯುವುದೇ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಾಸುಗಲ್ಲು ವಿಜಯನಗರ ಕಾಲದ್ದೆಂದ ಮಾತ್ರಕ್ಕೆ ಅದರ ಮೇಲಿನ ಗೆರೆಯೂ ಆ ಕಾಲದ್ದೇ ಆಗಬೇಕಾಗಿಲ್ಲ. ಕಲ್ಲು ಹಾಸಿದ ಮೇಲೆ ಯಾವಾಗ ಬೇಕಾದರೂ ಗೆರೆ ಕೊರೆದಿರಬಹುದು. ೧೫೬೫ರ ನಂತರ ಹಾಳುಬಿದ್ದ ಮಂಟಪದಲ್ಲಿ ಮಳೆಗೆ ನಿಂತ ಕುರಿಗಾಹಿಯೂ ಕೊರೆದಿರಬಹುದು. ಎಲ್ಲಿಯಾದರೂ ಗೋಡೆಯ ಅಥವಾ ಕಂಬದ ಅಡಿಗೆ ಅರ್ಧ ಸೇರಿಹೋದ ಮನೆ ಕಂಡರೆ ಮಾತ್ರ, ಕಟ್ಟಡಕ್ಕಿಂತ ಮೊದಲೇ ಅದನ್ನು ಕೊರೆದಿದ್ದರೆಂದು ಧೈರ್ಯವಾಗಿ ಹೇಳಬಹುದು. ಹಾಗಾಗಿ ಪ್ರತಿ ಗೆರೆಯನ್ನೂ ‘ಕೃಷ್ಣದೇವರಾಯನ ಕಾಲದ್ದು’ ಎಂದು ಪ್ರವಾಸಿಗರಿಗೆ ಹೇಳುವುದು ಸರಿಯಲ್ಲ. ಕುರಿಗಾಹಿಯ ಗೆರೆಯಾದರೂ ಅದಕ್ಕೆ ಗೌರವ ಕಡಿಮೆಯಾಗಬೇಕಿಲ್ಲ.

ಕಲ್ಲು ಉಳಿಯುತ್ತದೆ, ಕಾನೂನು?

ಈಗ ಈ ಲೇಖನದ ಮುಖ್ಯ ಮಾತಿಗೆ ಬಂದೆ.

ಪಟೋಲ್ಲಿ ಹೇಗೆ ಸತ್ತಿತು? ಆಟಕ್ಕೊಬ್ಬ ದೇವರಿದ್ದನಷ್ಟೆ. ಹೊಸ ಧರ್ಮದ ಪಾದ್ರಿಗಳು ಅದರಲ್ಲಿ ಹಳೆಯ ಪೂಜೆಯನ್ನು ಕಂಡರು. ಚಾಪೆಗಳನ್ನು ಸುಟ್ಟರು, ಆಡಿದವರನ್ನು ಶಿಕ್ಷಿಸಿದರು. ಮೂಢನಂಬಿಕೆಯ ಶಂಕೆಯಿಂದ ಜನ ಅದನ್ನು ಬಿಟ್ಟುಬಿಟ್ಟರೆಂದು ಸಹಗುನ್ ಬರೆಯುತ್ತಾನೆ. ರಾಜಧಾನಿ ಬಿದ್ದು ಎರಡು ತಲೆಮಾರು ಕಳೆಯುವುದರೊಳಗೆ ಆಟ ಮರೆಯಾಗುತ್ತ ಬಂದಿತ್ತು. ಇಂದು ಪ್ರಾಚೀನ ನಗರಗಳ ನೆಲದ ಮೇಲೆ ಪಟೋಲ್ಲಿಯ ಮನೆಗಳಿವೆ, ಹಸ್ತಪ್ರತಿಗಳಲ್ಲಿ ಬಣ್ಣದ ಚಿತ್ರವೂ ಇದೆ. ಆದರೆ ಕಲ್ಲು ಯಾವ ಮನೆಯಿಂದ ಹೊರಡಬೇಕು, ಎದುರಾಳಿಯ ಕಲ್ಲನ್ನು ಹೊಡೆಯಬಹುದೇ, ಯಾವ ಗರಕ್ಕೆ ಮರುಸರದಿ, ಇವನ್ನು ಪೂರ್ಣವಾಗಿ ಬಲ್ಲವರು ಯಾರೂ ಉಳಿಯಲಿಲ್ಲ. ಈಗ ಪುಸ್ತಕಗಳಲ್ಲಿ, ಅಂಗಡಿಗಳಲ್ಲಿ ಸಿಗುವ ಪಟೋಲ್ಲಿಯ ನಿಯಮಗಳಲ್ಲಿ ಹೆಚ್ಚಿನವು ವಿದ್ವಾಂಸರ ಊಹೆಯಿಂದ ಕಟ್ಟಿದವು.

ನಮ್ಮಲ್ಲಿ ಯಾರೂ ಹಾಸು ಸುಡಲಿಲ್ಲ, ಯಾರನ್ನೂ ಶಿಕ್ಷಿಸಲಿಲ್ಲ. ಆದರೂ ಆಟ ಸೊರಗುತ್ತಿದೆ. ಯುಗಾದಿಯ ಹೊತ್ತಿಗೆ ನಮ್ಮ ಕಡೆಯ ಕೆಲವು ಊರುಗಳ ಕಟ್ಟೆಗಳ ಮೇಲೆ ಹಿರಿಯರು ಉದ್ದ ದಾಳಗಳನ್ನು ಉರುಳಿಸಿ ಪಗಡೆಯಾಡುವುದುಂಟು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದಂಥ ಸಂಸ್ಥೆಗಳು ಹಳೆಯ ಆಟಗಳ ಹಾಸು, ಮಣೆಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ ಮತ್ತೆ ಮನೆಗಳಿಗೆ ತಲುಪಿಸುತ್ತಿವೆ. ಮೈಸೂರಿನ ದೊರೆ 
ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆಟಗಳಿಗೆ ಸ್ಥಾನ ಕೊಟ್ಟು ಉಪಕಾರ ಮಾಡಿದ್ದಾರೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಪಡಸಾಲೆಯ ಚೌಕಾಬಾರ ಯಾವ ಗ್ರಂಥದಿಂದಲೂ ಬದುಕಿರಲಿಲ್ಲ. ಅದು ಬದುಕಿದ್ದು ಅಜ್ಜಿಯಂದಿರ ಬಾಯಲ್ಲಿ.

ವಿಚಿತ್ರವೆಂದರೆ ಪಗಡೆಯ ಕುಲದ ಆಟವನ್ನು ನಾವು ಇಂದಿಗೂ ಆಡುತ್ತಲೇ ಇದ್ದೇವೆ. ಪಚ್ಚೀಸಿಯನ್ನು ಸರಳಗೊಳಿಸಿ, ಕವಡೆಯ ಬದಲು ಆರು ಮುಖದ ದಾಳ ಇಟ್ಟು, ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ ಆಟವೇ ಲೂಡೋ. ೨೦೨೦ರ ಲಾಕ್‌ಡೌನ್ ದಿನಗಳಲ್ಲಿ ಮನೆಮನೆಯ ಮೊಬೈಲಿನಲ್ಲಿ ಅದೇ ಆಟ. ಮೊಬೈಲಿನ ಲೂಡೋ ಎಲ್ಲ ಊರಿನಲ್ಲಿಯೂ ಒಂದೇ. ನಮ್ಮ ಚೌಕಾಬಾರ ಹಾಗಲ್ಲ. ಕಂಪ್ಲಿಯ ನಮ್ಮ ಮನೆಯಲ್ಲಿ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿರಲಿಲ್ಲ. ಸಂಡೂರು ನನ್ನ ಮಡದಿಯ ತವರು. ಅವರ ಮನೆಯಲ್ಲಿ ಆ ಕಟ್ಟಳೆಯಿಲ್ಲ, ಆದರೆ ಚೌಕವಾಗಲಿ ಬಾರವಾಗಲಿ ಒಂದರ ಮೇಲೊಂದು ಮೂರು ಸಲ ಬಿದ್ದರೆ ಮೂರೂ ಹಾಳು. ಮದುವೆಯಾದ ಹೊಸತರಲ್ಲಿ ಈ ಎರಡು ಕಾನೂನುಗಳ ನಡುವೆ ನಡೆದ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ! ಊರಿಗೊಂದು, ಮನೆಗೊಂದು ಕಾನೂನು ಇದ್ದದ್ದೇ ಈ ಆಟದ ಜೀವಂತಿಕೆಗೆ ಸಾಕ್ಷಿ. ಆ ಕಾನೂನುಗಳೇ ಈಗ ಒಬ್ಬೊಬ್ಬ ಹಿರಿಯರೊಡನೆ ಒಂದೊಂದಾಗಿ ಹೋಗುತ್ತಿರುವುದು.

ಕಲ್ಲು ಮನೆಯನ್ನು ಉಳಿಸುತ್ತದೆ, ಕಾನೂನನ್ನು ಉಳಿಸುವುದಿಲ್ಲ. ಮೆಕ್ಸಿಕೋದ ಪಟೋಲ್ಲಿ ನಮಗೆ ಕಲಿಸುವ ಪಾಠ ಇಷ್ಟೇ. ಅಲ್ಲಿ ನಿಷೇಧ ಮಾಡಿದ ಕೆಲಸವನ್ನು ಇಲ್ಲಿ ನಮ್ಮ ಅಲಕ್ಷ್ಯವೇ ಮಾಡಿ ಮುಗಿಸಬಾರದು.

ಆದ್ದರಿಂದ ಓದುಗ ಮಿತ್ರರಲ್ಲಿ, ವಿಶೇಷವಾಗಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಎರಡು ವಿನಂತಿಗಳು.

ಮೊದಲನೆಯದು ಕಲ್ಲಿನ ವಿಷಯ. ಹಂಪಿಗೆ ಹೋದಾಗ ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೆಲವನ್ನು ನೋಡಿ. ನಡುಹಗಲಿನಲ್ಲಿ ಕಾಣದ ಗೆರೆಗಳು ಆಗ ನೆರಳು ತುಂಬಿಕೊಂಡು ಎದ್ದು ಕಾಣುತ್ತವೆ. ಅಳತೆಗೆ ಪಕ್ಕದಲ್ಲೊಂದು ಅಡಿಕೋಲು ಇಟ್ಟು ಫೋಟೋ ತೆಗೆದು, ಯಾವ ಮಂಟಪ, ಯಾವ ಮೂಲೆ ಎಂದು ಬರೆದಿಡಿ. ಗೆರೆ ಕಾಣಲೆಂದು ಸುಣ್ಣ, ಬಣ್ಣ ಬಳಿಯಬೇಡಿ; ಹೊಸದಾಗಿ ಕೊರೆಯಲೂಬೇಡಿ. ೧೯೫೮ರ ಸ್ಮಾರಕಗಳ ಕಾಯಿದೆಯ ಪ್ರಕಾರ ಅದು ಅಪರಾಧ. ಹಾಸುಗಲ್ಲು ಬದಲಿಸುವ ದುರಸ್ತಿ ಕೆಲಸ ಎಲ್ಲಿಯೇ ನಡೆಯಲಿ, ನಮ್ಮ ಊರುಗಳ ಹಳೆಯ ಗುಡಿಗಳಲ್ಲಿಯೂ ಸಹ, ಕಲ್ಲು ಎತ್ತುವ ಮುನ್ನ ಅದರ ಮೇಲೊಮ್ಮೆ ಕಣ್ಣಾಡಿಸುವಂತೆ ಕೆಲಸದವರಿಗೆ ಹೇಳಿ.

ಎರಡನೆಯದು ಇದಕ್ಕಿಂತ ತುರ್ತಾದದ್ದು. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಈ ಭಾನುವಾರ ಅವರ ಪಕ್ಕದಲ್ಲಿ ಕುಳಿತು ನಾಲ್ಕು ಹುಣಸೆಬೀಜ ಉಜ್ಜಿ, ಒಂದು ಆಟ ಆಡಿ. ಯಾವ ಗರಕ್ಕೆ ಏನು ಹೆಸರು, ಯಾವ ಮನೆಯಲ್ಲಿ ಕಾಯಿಯನ್ನು ಕಡಿಯುವಂತಿಲ್ಲ, ಕಾಯಿ ಹಣ್ಣಾಗಲು ಸರಿಯಾದ ಗರವೇ ಬೀಳಬೇಕೇ, ಎಲ್ಲವನ್ನೂ ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ತಿದ್ದಬೇಡಿ, ಪಕ್ಕದ ಊರಿನ ಕಾನೂನಿಗೆ ಹೊಂದಿಸಬೇಡಿ. ಬರೆದದ್ದನ್ನು ಊರ ಹೆಸರಿನೊಡನೆ ನನಗೆ ಕಳಿಸಿದರೆ ಇಲ್ಲಿಯೇ ಒಂದೊಂದಾಗಿ ಪ್ರಕಟಿಸುತ್ತೇನೆ. ಮೊದಲ ಕಂತಾಗಿ ಕಂಪ್ಲಿಯ ಕಾನೂನನ್ನೂ ಸಂಡೂರಿನ ಕಾನೂನನ್ನೂ ಮುಂದಿನ ವಾರ ಬರೆಯುತ್ತೇನೆ. ಹೊಸಪೇಟೆಯವರು ತಮ್ಮದನ್ನು ಸಿದ್ಧಮಾಡಿಟ್ಟುಕೊಳ್ಳಲಿ.